ಏವ್ರಿಲ್ ನಂಬದ ಉಸಿರು

ಗ್ರಿಮ್ಸ್‌ಬಿಯ ಬಂದರಿನ ಓಣಿಗಳಲ್ಲಿ ಸಿಗರೇಟು ಬಿಡಿಸುವ ಕೆಲಸಕ್ಕೆ ಏವ್ರಿಲ್ ಕೋಲ್‌ಬೆಕ್‌ಳಷ್ಟು ತಕ್ಕವರು ಇನ್ನೊಬ್ಬರಿರಲಿಲ್ಲ. ಹೆಚ್ಚು ಓದಿಕೊಂಡವಳೇನಲ್ಲ. ಸಿಗರೇಟಿನ ವಿಷಯದಲ್ಲಿ ಹೇಳಬಹುದಾದ ಸುಳ್ಳುಗಳನ್ನೆಲ್ಲ ತಾನೇ ಹೇಳಿ ಮುಗಿಸಿದ್ದಳು, ಅದೇ ಅವಳ ಓದು. ಶಾಲೆ ಬಿಟ್ಟ ವರ್ಷವೇ ಮೀನು ಕೊಯ್ಯುವ ಕಾರ್ಖಾನೆ ಸೇರಿ, ಬಿಡುವಿನ ಹೊತ್ತಿನಲ್ಲಿ ಹಿತ್ತಲ ಗೋಡೆಗೊರಗಿ ಸೇದುವುದನ್ನು ಕಲಿತಳು. ಗಂಡನಿಗೆ ಬಿಟ್ಟೆ ಬಿಟ್ಟೆ ಎಂದು ಆಣೆ ಮಾಡುತ್ತ, ಬಟ್ಟೆ ಒಗೆಯುವ ಯಂತ್ರದ ಹಿಂದೆ ಪ್ಯಾಕೆಟ್ಟು ಬಚ್ಚಿಡುತ್ತಿದ್ದಳು. ಕೋಟಿಗೆ ವಾಸನೆ ಹತ್ತಿದರೆ ಬಸ್ಸಿನಲ್ಲಿ ಪಕ್ಕ ಕೂತ ಯಾರೋ ಪಾಪದವನ ಮೇಲೆ ತಪ್ಪು ಹೊರಿಸುತ್ತಿದ್ದಳು.

ಅವಳ ಅಪ್ಪ ಐಸ್‌ಲ್ಯಾಂಡಿನ ಕಡಲಿಗೆ ಮೀನು ಹಿಡಿಯಲು ಹೋಗುತ್ತಿದ್ದವನು. ಅಲೆಗೆ ಸಿಗದೆ ಬದುಕಿ ಬಂದವನನ್ನು ಕೊನೆಗೆ ಹೊಗೆ ತಿಂದುಹಾಕಿತು. ಅವನು ಆಸ್ಪತ್ರೆಯಲ್ಲಿ ಉಸಿರಿಗಾಗಿ ಬಾಯಿ ಬಾಯಿ ಬಿಡುತ್ತಿದ್ದಾಗ ಮಗಳು ಎದ್ದು ಹೊರಗೆ ಹೋಗಿ ಎರಡು ದಮ್ಮು ಎಳೆದು ಬಂದಳು. ಬರುವಷ್ಟರಲ್ಲಿ ನರ್ಸು ಅವನ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ಆ ವರ್ಷ ಯಾರೋ ಕೈಗೆ ವೇಪ್ ಇಟ್ಟರು. ಅದು ಬ್ಯಾಟರಿಯಿಂದ ಬಿಸಿಯಾಗಿ ಆವಿ ಬಿಡುವ ಬೆರಳುದ್ದದ ಕೊಳವೆ. ನಿಕೋಟಿನ್ ಸಿಗುತ್ತದೆ, ಎಲೆ ಸುಡುವ ಹೊಗೆ ಇರುವುದಿಲ್ಲ. ಅದರ ನೆರವಿನಿಂದ ಏವ್ರಿಲ್ ಸಿಗರೇಟಿನಿಂದ ಪಾರಾದಳು. ಆಮೇಲೆ ಒಂದು ಸಣ್ಣ ಸೇವಾಸಂಸ್ಥೆ ಅವಳನ್ನು ಇದೇ ಕೆಲಸಕ್ಕೆ ಇಟ್ಟುಕೊಂಡಿತು.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಗುರುವಾರಗಳಂದು ಕೂರುತ್ತಿದ್ದಳು. ಬಂದವರಿಗೆ ಮೊದಲು ಚಹಾ. ಬಿಡಿ ಎಂಬ ಮಾತನ್ನು ಬಾಯಿ ತಪ್ಪಿಯೂ ಆಡುತ್ತಿರಲಿಲ್ಲ. "ದಿನದ ಮೊದಲನೇದು ಎಲ್ಲಿ ನಿಂತು ಸೇದ್ತೀರಿ?" ಎಂದು ಕೇಳುತ್ತಿದ್ದಳು. ಮುಚ್ಚಿದ ಬಾಯಿಗಳೆಲ್ಲ ಈ ಒಂದು ಪ್ರಶ್ನೆಗೆ ಬಿಚ್ಚಿಕೊಳ್ಳುತ್ತಿದ್ದವು. ಜನ ಬೇಕಾದಷ್ಟು ಸುಳ್ಳು ಹೇಳುತ್ತಿದ್ದರು, ಅವಳು ನಗುತ್ತ ಕೇಳುತ್ತಿದ್ದಳು. ಕೊನೆಗೆ ಊದುವ ಯಂತ್ರವನ್ನು ಮುಂದೆ ಹಿಡಿಯುತ್ತಿದ್ದಳು. ಸಿಗರೇಟು ಸೇದಿದವರ ಉಸಿರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇರುತ್ತದೆ. ಯಂತ್ರ ಅದು ಎಷ್ಟಿದೆ ಎಂದು ಅಂಕಿಯಲ್ಲಿ ತೋರಿಸಿಬಿಡುತ್ತದೆ. ವೇಪ್ ಎಳೆದರೆ ಅದು ಬರುವುದಿಲ್ಲ.

ನೆವಿಲ್ ಬ್ಲಾಂಚರ್ಡ್ ಬಂದದ್ದು ಶರತ್ಕಾಲದ ಕೊನೆಗೆ, ಹೆಂಡತಿ ಥೆಲ್ಮಾಳ ಕಾವಲಿನಲ್ಲಿ. ಬಂದರಿನಲ್ಲಿ ಮೀನಿನ ಪೆಟ್ಟಿಗೆ ಇಳಿಸಿ ಇಳಿಸಿ ಬೆನ್ನು ಬಾಗಿದ ಮುದುಕ. ಕಾಲಿನ ರಕ್ತನಾಳ ಕಟ್ಟಿತ್ತು. ಸಿಗರೇಟು ಬಿಡದಿದ್ದರೆ ಮೊಣಕಾಲ ಕೆಳಗಿನದನ್ನು ಮರೆತುಬಿಡು ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

"ಇವನ ಹತ್ರ ಏನು ಬೇಕಾದ್ರೂ ಕೇಳಮ್ಮ, ನಿಜಾನೇ ಹೇಳ್ತಾನೆ," ಎಂದಳು ಥೆಲ್ಮಾ. "ಸುಳ್ಳು ಇವನ ಬಾಯಿಗೆ ಬರೋದೇ ಇಲ್ಲ. ಮದುವೆ ದಿನ ಹೇಗೆ ಕಾಣ್ತಿದೀನಿ ಅಂದ್ರೆ, ಪರವಾಗಿಲ್ಲ ಅಂದ ಗಂಡಸು."

"ಪರವಾಗಿರ್ಲಿಲ್ವಲ್ಲ ಮತ್ತೆ," ಎಂದ ನೆವಿಲ್.

"ನೋಡಿದ್ಯಾ? ಇಂಥೋನ್ನ ಕಟ್ಕೊಂಡು ಸಾಯ್ತಿದೀನಿ."

ಮೊದಲನೇದು ಎಲ್ಲಿ ಎಂದು ಏವ್ರಿಲ್ ಕೇಳಿದಳು. ಥೆಲ್ಮಾ ಮನೆಯೊಳಗೆ ಸೇದಲು ಬಿಡುತ್ತಿರಲಿಲ್ಲವಂತೆ. ಅಡುಗೆಮನೆಯ ಹಿಂಬಾಗಿಲು ತೆರೆದು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತು ಸೇದುತ್ತಿದ್ದ. ದಿನಕ್ಕೆ ಇಪ್ಪತ್ತು ಸಲ, ಮಳೆಯಿರಲಿ ಹಿಮವಿರಲಿ. ಮನೆ ಕಾಯಿಸಿದ್ದೆಲ್ಲ ಬೀದಿಪಾಲು ಎಂದು ಥೆಲ್ಮಾ ಗೊಣಗಿದಳು.

"ಹಾಗಾದ್ರೆ ಇದು ನಿಮಗೆ ಹೇಳಿ ಮಾಡಿಸಿದ್ದು," ಎಂದು ಏವ್ರಿಲ್ ವೇಪನ್ನು ಮೇಜಿನ ಮೇಲಿಟ್ಟಳು. "ಚಳೀಲಿ ನಡುಗ್ತಾ ನಿಲ್ಲೋದು ಬೇಡ. ಬಾಗಿಲು ಹಾಕ್ಕೊಂಡು, ಬೆಚ್ಚಗೆ ಕುರ್ಚೀಲಿ ಕೂತು ಎಳೀರಿ. ಥೆಲ್ಮಾ ಬೈಯಲ್ಲ."

"ಇದೂ ಅಷ್ಟೇ ಕೆಟ್ಟದ್ದು ಅಂತ ಪೇಪರಲ್ಲಿ ಬಂದಿತ್ತಲ್ಲ?" ಎಂದ ನೆವಿಲ್.

"ಒಳ್ಳೇದು ಅಂತ ನಾನೆಲ್ಲಿ ಹೇಳ್ದೆ? ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಷ್ಟೆ. ಸೇದದೇ ಇದ್ದವರಿಗೆ ಇದು ಬೇಡವೇ ಬೇಡ. ನಿಮ್ಮ ಕಾಲು ಉಳೀಬೇಕಲ್ಲ, ಅದಕ್ಕೆ."

ಅವನು ಯೋಚಿಸಿ, ತಲೆಯಾಡಿಸಿ, ಸ್ಟ್ರಾಬೆರಿ ರುಚಿಯದನ್ನು ಆರಿಸಿಕೊಂಡ. ಆರು ಅಡಿಯ ಬಂದರಿನ ಆಳು ಸ್ಟ್ರಾಬೆರಿ ಆರಿಸಿದ್ದಕ್ಕೆ ಹೆಂಗಸರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಂತ್ರಕ್ಕೆ ಊದಿದಾಗ ಹದಿನೆಂಟು ಬಂತು, ದಿನಕ್ಕೆ ಒಂದು ಪ್ಯಾಕೆಟ್ಟು ಸೇದುವವನಿಗೆ ಬರುವಷ್ಟೇ.

ಮತ್ತೆ ಬಂದದ್ದು ಚಳಿ ಕಚ್ಚಲು ಶುರುವಾದ ಮೇಲೆ. ನೆವಿಲ್‌ನ ಮುಖದಲ್ಲಿ ಹೆಮ್ಮೆಯಿತ್ತು. ವೇಪ್ ಸಿಕ್ಕಿದ ದಿನದಿಂದ ಒಂದನ್ನೂ ಮುಟ್ಟಿಲ್ಲ ಎಂದ. ಅಡುಗೆಮನೆಯಲ್ಲೇ ಮನೆ ಕಾಯಿಸುವ ಬಾಯ್ಲರಿನ ಪಕ್ಕ ಕುರ್ಚಿ ಹಾಕಿಕೊಂಡಿದ್ದೇನೆ, ರಾಜನ ಹಾಗೆ ಕೂರುತ್ತೇನೆ ಎಂದ. ತಲೆನೋವು ಮಾತ್ರ ಬಿಡುತ್ತಿಲ್ಲವಂತೆ.

"ಅದು ಸಹಜ. ಸಿಗರೇಟು ಬಿಟ್ಟಾಗ ಮೈ ಹಟ ಮಾಡತ್ತೆ," ಎಂದಳು ಏವ್ರಿಲ್.

"ನಂಗೂ ತಲೆ ಸಿಡೀತದಮ್ಮ," ಎಂದಳು ಥೆಲ್ಮಾ. "ಬೆಳಗಿಂದ ಸಂಜೆವರೆಗೆ ವಾಕರಿಕೆ ಬೇರೆ. ಇವನ ಸ್ಟ್ರಾಬೆರಿ ಘಾಟಿಗೇ ಇರ್ಬೇಕು."

"ಪುದೀನ ಕೊಡ್ತೀನಿ, ಅದು ಹಗುರ," ಎಂದು ಏವ್ರಿಲ್ ವೇಪಿಗೆ ತುಂಬುವ ರಸದ ಬೇರೆ ಸೀಸೆ ತೆಗೆದುಕೊಟ್ಟು, ಯಂತ್ರವನ್ನು ಮುಂದೆ ಹಿಡಿದಳು.

ನೆವಿಲ್ ಊದಿದ. ಬಿಟ್ಟವರದ್ದು ಆರು ದಾಟುವುದಿಲ್ಲ. ಅವನದು ಇಪ್ಪತ್ತೇಳಕ್ಕೆ ಹೋಗಿ ನಿಂತಿತು. ಸೇದುತ್ತಿದ್ದಾಗ ಬಂದದ್ದಕ್ಕಿಂತ ಹೆಚ್ಚು.

ತರಬೇತಿಯಲ್ಲಿ ಒಂದು ಮಾತು ಹೇಳಿಕೊಟ್ಟಿದ್ದರು: ಸೇದಿಲ್ಲ ಎನ್ನುವವರ ಅಂಕಿ ಏರಿದ್ದರೆ ಮನೆಯ ಗ್ಯಾಸ್ ಬಾಯ್ಲರಿನ ಬಗ್ಗೆ ಕೇಳಿ, ಅದು ಕೆಟ್ಟರೂ ಇದೇ ವಿಷ ಕಾರುತ್ತದೆ. ಮೊದಲ ವರ್ಷ ಏವ್ರಿಲ್ ಎಲ್ಲರನ್ನೂ ಕೇಳಿದ್ದಳು. ಒಬ್ಬರ ಬಾಯ್ಲರೂ ಕೆಟ್ಟಿರಲಿಲ್ಲ, ಎಲ್ಲರ ಜೇಬಿನಲ್ಲೂ ಸಿಗರೇಟಿತ್ತು. ಆಮೇಲೆ ಕೇಳುವುದನ್ನು ಬಿಟ್ಟಳು. ನೆವಿಲ್ ಬಾಯ್ಲರಿನ ಹೆಸರನ್ನು ತಾನೇ ಎತ್ತಿ ಕೊಟ್ಟಿದ್ದ, ಅದೂ ಅವಳ ಕಿವಿಗೆ ಬೀಳಲಿಲ್ಲ. ಅವಳು ನೋಡುತ್ತಿದ್ದುದು ಅವನ ಕಣ್ಣು. ಈ ಕಣ್ಣನ್ನು ತಾನು ಕನ್ನಡಿಯಲ್ಲಿ ಎಷ್ಟು ಸಲ ನೋಡಿಲ್ಲ ಎಂದುಕೊಂಡಳು.

"ಜಾರೋದು ಎಲ್ರಿಗೂ ಆಗತ್ತೆ ನೆವಿಲ್," ಎಂದಳು ಮೆಲ್ಲಗೆ. "ನಾನಂತೂ ಬೈಯಲ್ಲ."

"ಜಾರಿಲ್ಲ ಅಂತಿದೀನಲ್ಲ."

"ಒಂದೆರಡು ಆದ್ರೂ..."

"ಒಂದೂ ಇಲ್ಲ. ನಿನ್ನ ಡಬ್ಬ ಕೆಟ್ಟಿದೆ."

ಏವ್ರಿಲ್ ಯಂತ್ರಕ್ಕೆ ಹೊಸ ಊದುಗೊಳವೆ ಸಿಕ್ಕಿಸಿ ತಾನೇ ಊದಿ ತೋರಿಸಿದಳು. ಎರಡು ಬಂತು. ಡಬ್ಬ ಕೆಟ್ಟಿರಲಿಲ್ಲ. ಥೆಲ್ಮಾ ಆ ಎರಡನ್ನು ನೋಡಿದಳು, ಗಂಡನ ಮುಖ ನೋಡಿದಳು.

"ಯಂತ್ರ ಸುಳ್ಳು ಹೇಳಲ್ಲ," ಎಂದಳು ಏವ್ರಿಲ್. ಅದನ್ನು ಅಕ್ಕರೆಯಿಂದಲೇ ಹೇಳಿದಳು, ಅನ್ಯಾಯವೆಲ್ಲ ಆ ಅಕ್ಕರೆಯಲ್ಲೇ ಇತ್ತು. ಬೈದಿದ್ದರೆ ಮುದುಕ ಜಗಳಕ್ಕೆ ನಿಂತು, ಮನೆಯ ಮೂಲೆ ಮೂಲೆ ತೋರಿಸಿ ತಾನು ಸಾಚಾ ಎಂದು ಸಾಬೀತು ಮಾಡುತ್ತಿದ್ದನೋ ಏನೋ. ಕನಿಕರದ ಎದುರು ಯಾರು ಏನು ಹೇಳಿಯಾರು? ಅವನು ಟೋಪಿ ತೆಗೆದುಕೊಂಡು ಎದ್ದ. ಬಾಗಿಲ ಹತ್ತಿರ ಥೆಲ್ಮಾ ಅವನ ಕೋಟಿನ ತೋಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದ್ದನ್ನು ಏವ್ರಿಲ್ ಕಂಡಳು.

ಮುಂದಿನ ಸಲ ಅವರು ಬರಲಿಲ್ಲ. ಸಿಕ್ಕಿಬಿದ್ದವರು ಬರುವುದಿಲ್ಲ, ಅವಳಿಗೆ ಅದು ಹೊಸದಲ್ಲ. ಒಂದು ವಾರ ಬಿಟ್ಟು ಫೋನ್ ಮಾಡಿದಳು. ನಾಚಿಕೆ ಬೇಡ, ಮತ್ತೆ ಶುರು ಮಾಡೋಣ ಎನ್ನಲು ಮಾತು ಜೋಡಿಸಿಕೊಂಡಿದ್ದಳು.

"ಥೆಲ್ಮಾ ಆಸ್ಪತ್ರೇಲಿದಾಳೆ," ಎಂದಿತು ನೆವಿಲ್‌ನ ದನಿ. "ಅಂಗಡಿಗೆ ಹೋಗಿ ಬರೋಷ್ಟರಲ್ಲಿ ಅಡುಗೆಮನೇಲಿ ಬಿದ್ದಿದ್ಲು. ಆಂಬುಲೆನ್ಸ್ ಹುಡುಗರು ಒಳಗೆ ಕಾಲಿಟ್ಟಿದ್ದೇ ತಡ, ಅವರ ಚೀಲದಲ್ಲಿದ್ದ ವಿಷಗಾಳಿ ಪತ್ತೆ ಮಾಡೋ ಡಬ್ಬ ಕಿರುಚಿಕೊಳ್ತು. ಎಲ್ರನ್ನೂ ಬೀದಿಗೆ ಓಡಿಸಿದ್ರು. ಬಾಯ್ಲರ್ ಹೊಗೆ ಹೋಗೋ ಕೊಳವೇಲಿ ಹಕ್ಕಿ ಗೂಡು ಕಟ್ಟಿತ್ತಂತೆ. ನಿನ್ನ ಯಂತ್ರ ಸುಳ್ಳು ಹೇಳಿರ್ಲಿಲ್ಲಮ್ಮ."

ನೆವಿಲ್ ಹೇಳುತ್ತಲೇ ಹೋದ. ಗೂಡು ಬೇಸಿಗೆಯಿಂದಲೂ ಇತ್ತಂತೆ. ತಾನು ದಿನಕ್ಕೆ ಇಪ್ಪತ್ತು ಸಲ ಹಿಂಬಾಗಿಲು ತೆಗೆಯುತ್ತಿದ್ದುದರಿಂದ ವಿಷವೂ ಹೊರಗೆ ಹೋಗುತ್ತಿತ್ತು, ಬಾಗಿಲು ಮುಚ್ಚಿದ ಮೇಲೆ ಒಳಗೇ ತುಂಬಿಕೊಂಡಿತು ಎಂದು ಗ್ಯಾಸಿನವನು ಲೆಕ್ಕ ಹಾಕಿ ಹೇಳಿದನಂತೆ. ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಲ್ಲದ ಆ ದನಿಯನ್ನು ತಡೆದುಕೊಳ್ಳುವುದೇ ಏವ್ರಿಲ್‌ಗೆ ಕಷ್ಟವಾಯಿತು.

ಕಚೇರಿಯಲ್ಲಿ ಮೇಲಿನವರು ಇದು ಯಾರ ತಪ್ಪೂ ಅಲ್ಲ ಎಂದರು. ಎಲ್ಲರನ್ನೂ ಕೂರಿಸಿ ಬಾಯ್ಲರಿನ ಪ್ರಶ್ನೆಯನ್ನು ಮತ್ತೆ ಕಲಿಸಿದರು, ಬಿಸ್ಕತ್ತು ಹಂಚಿದರು. ತಪ್ಪು ಯಾರದೆಂದು ಏವ್ರಿಲ್‌ಗೆ ಚೆನ್ನಾಗಿ ಗೊತ್ತಿತ್ತು. ಅವಳ ಕಸುಬು ಸಿಗರೇಟು ಬಿಡಿಸುವುದು, ನಿಜ. ಆದರೆ ಒಳಗೊಳಗೇ ಅವಳು ಹೆಮ್ಮೆ ಪಡುತ್ತಿದ್ದುದು ಸುಳ್ಳು ಹಿಡಿಯುವುದರಲ್ಲಿ.

ಥೆಲ್ಮಾ ಬದುಕಿದಳು. ಬದುಕಿದ್ದು ಮೈ. ತಲೆಯೊಳಗೆ ವಿಷ ತಿಂದ ಜಾಗ ತಿರುಗಿ ಬರಲಿಲ್ಲ. ಹಳೆಯದೆಲ್ಲ ನೆನಪಿತ್ತು, ಹೊಸದು ಹತ್ತು ನಿಮಿಷ ನಿಲ್ಲುತ್ತಿರಲಿಲ್ಲ. ಕಾಲ ಅವಳಿಗೆ ಯಂತ್ರ ಇಪ್ಪತ್ತೇಳು ತೋರಿಸಿದ ಆ ಗುರುವಾರಕ್ಕೇ ನಿಂತುಹೋಗಿತ್ತು. ಎಚ್ಚರವಿದ್ದಷ್ಟು ಹೊತ್ತೂ ಅವಳ ಮನಸ್ಸು ಒಂದೇ ಸಂಕಟದ ಸುತ್ತ ಸುತ್ತುತ್ತಿತ್ತು: ಐವತ್ತು ವರ್ಷ ಒಂದು ಸುಳ್ಳೂ ಹೇಳದ ಗಂಡ ಈಗ ಹೇಳುತ್ತಿದ್ದಾನೆ.

ಅವಳು ಮನೆಗೆ ಬಂದ ಮೇಲೆ ಏವ್ರಿಲ್ ವಾರಕ್ಕೊಮ್ಮೆ ಹೋಗತೊಡಗಿದಳು. ಹೋಗಲು ಯಾರೂ ಹೇಳಿರಲಿಲ್ಲ. ಬೇಕರಿಯಿಂದ ಮಾಂಸದ ಕಡುಬು ಹಿಡಿದು ಹೋಗುತ್ತಿದ್ದಳು. ಥೆಲ್ಮಾಳ ಎದುರು ಮಂಡಿಯೂರಿ, ಅವಳ ಎರಡೂ ಕೈ ಹಿಡಿದು ಹೇಳುತ್ತಿದ್ದಳು: "ನೆವಿಲ್ ಸೇದಿರ್ಲಿಲ್ಲ ಥೆಲ್ಮಾ. ಬಾಯ್ಲರ್ ಕೆಟ್ಟಿತ್ತು. ನಾನೇ ತಪ್ಪು ತಿಳ್ಕೊಂಡೆ." ಥೆಲ್ಮಾ ದಿಟ್ಟಿಸಿ ನೋಡಿ, ಹೌದಾ ಎಂದು ಅಳುತ್ತಿದ್ದಳು. ಗಂಡನನ್ನು ಅನುಮಾನಿಸಿದೆನಲ್ಲ ಎಂದು ಎದೆ ಬಡಿದುಕೊಂಡು ಅಳುತ್ತಿದ್ದಳು. ಅಳು ಮುಗಿಯುವಷ್ಟರಲ್ಲಿ ಏಕೆ ಅಳುತ್ತಿದ್ದೆನೆಂಬುದು ಮರೆತು, ಮತ್ತೆ ಅವನ ತೋಳು ಹಿಡಿದು ಮೂಸುತ್ತಿದ್ದಳು. ಏವ್ರಿಲ್ ಮತ್ತೆ ಮಂಡಿಯೂರುತ್ತಿದ್ದಳು. ಹೇಳಿ ಹೇಳಿ ಒಂದು ದಿನ ತಲೆಯೊಳಗೆ ಇಳಿದೀತು ಎಂದು ನಂಬಿದ್ದಳು. ಅವನ ಹೆಸರನ್ನು ಕೆಡಿಸಿದವಳು ತಾನು, ಅದನ್ನು ತೊಳೆಯಬೇಕಾದವಳೂ ತಾನೇ.

ಮಾರ್ಚಿನ ಒಂದು ಮಧ್ಯಾಹ್ನ ಬಾಗಿಲು ತೆರೆದ ನೆವಿಲ್ ಬಹಳ ಸೊರಗಿದ್ದ. ಒಳಗೆ ಥೆಲ್ಮಾ ಕಿಟಕಿಯ ಪಕ್ಕ ಕೂತಿದ್ದಳು. ಏವ್ರಿಲ್ ಇನ್ನೂ ಕೋಟು ಬಿಚ್ಚುತ್ತಿದ್ದಳು.

"ನೆವ್," ಎಂದಳು ಥೆಲ್ಮಾ. "ನನ್ನ ಮುಖ ನೋಡಿ ನಿಜ ಹೇಳು. ಸೇದ್ತಿದೀಯಾ?"

ಏವ್ರಿಲ್ ಬಾಯಿ ತೆರೆದಳು. ನೆವಿಲ್ ಕೈಯೆತ್ತಿ ಅವಳನ್ನು ತಡೆದ.

"ಹೂಂ ಕಣೆ," ಎಂದ. "ಸೇದ್ದೆ. ತಪ್ಪಾಯ್ತು."

"ಎಷ್ಟು?"

"ಒಂದೇ. ಬಂದರಿನ ಹತ್ರ ಹಳೇ ಗೆಳೆಯ ಒಬ್ಬ ಕೊಟ್ಟ."

ಥೆಲ್ಮಾಳ ಮುಖದ ಬಿಗಿ ಸಡಿಲಿತು. ಅವನ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟಳು. "ಅಷ್ಟು ಹೇಳೋಕೆ ಇಷ್ಟು ಆಟ ಆಡಿದ್ಯಾ? ಹೋಗ್ಲಿ ಬಿಡು. ಇನ್ಮೇಲೆ ಬೇಡ." ಅವನ ಭುಜಕ್ಕೆ ತಲೆಯಿಟ್ಟಳು. ಸ್ವಲ್ಪ ಹೊತ್ತಿಗೆ ಅವಳಿಗೆ ಜೊಂಪು ಹತ್ತಿತು.

ಎಲ್ಲ ಬಗೆಯ ಸುಳ್ಳನ್ನೂ ಬಲ್ಲ ಏವ್ರಿಲ್ ಇದನ್ನೂ ಗುರುತಿಸಿದಳು. ತಡವರಿಕೆಯಿಲ್ಲದೆ ಬಂದ ಮಾತು. ಅವನು ಇದನ್ನು ಎಷ್ಟೋ ಸಲ ಹೇಳಿ ಪಳಗಿದ್ದ.

"ನಿಜ ಹೇಳಿದ್ರೆ ದಿನವೆಲ್ಲ ಅಳ್ತಾಳೆ," ಎಂದ ನೆವಿಲ್, ಹೆಂಡತಿಗೆ ಎಚ್ಚರವಾಗದಂತೆ ದನಿ ತಗ್ಗಿಸಿ. "ಹೀಗಂದ್ರೆ ನನ್ನ ಕ್ಷಮಿಸಿ ಮಲಗ್ತಾಳೆ. ನೀನು ಬಂದು ಹೋದ ದಿನ ರಾತ್ರಿಯೆಲ್ಲ ನಿದ್ದೆ ಇರಲ್ಲ ಅವಳಿಗೆ. ಇನ್ನು ಬರಬೇಡಮ್ಮ."

ಏವ್ರಿಲ್ ಕಡುಬಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಅರ್ಧ ಬಿಚ್ಚಿದ ಕೋಟಿನ ಗುಂಡಿಗಳನ್ನು ಮತ್ತೆ ಹಾಕಿಕೊಂಡಳು.