ಕುರುಗೋಡಿನ ಮೂವತ್ತೈದು ಮಕ್ಕಳು

ಶಾಲಾ ಶಿಕ್ಷಕಿ ಪಿಎಚ್‌ಡಿಗೆ ಸೇರಿದರೆ ಸ್ಟಾಫ್ ರೂಮಿನವರಿಗೆ ಪುಕ್ಕಟೆ ಮನರಂಜನೆ. "ಏನ್ರೀ ಡಾಕ್ಟ್ರೇ, ನನಗೊಂದು ಇಂಜೆಕ್ಷನ್ ಯಾವಾಗ ಮಾಡ್ತೀರಿ?" ಎಂದು ನಮ್ಮ ಡ್ರಿಲ್ ಮಾಸ್ತರು ಐದು ವರ್ಷ ಒಂದೇ ಮಾತು ಕೇಳಿದರು. ಮೊದಲ ವರ್ಷ ನಕ್ಕೆ. ಆಮೇಲೆ ಬಿಟ್ಟೆ.

ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ಶಾಲೆ ಕುರುಗೋಡಿನಲ್ಲಿ, ಸಂಶೋಧನೆ ಸಿರುಗುಪ್ಪ ತಾಲ್ಲೂಕಿನಲ್ಲಿ. ನೆಲ್ಲು ನಾಟಿಯ ದಿನಗಳಲ್ಲಿ ಹೆಣ್ಣುಮಕ್ಕಳು ಶಾಲೆಗೆ ಯಾಕೆ ಬರುವುದಿಲ್ಲ ಎಂಬುದು ವಿಷಯ. "ಅವ್ವನ ಜೋಡಿ ನಾಟಿಗೆ ಹೋಗಿರ್ತಾವ. ಇದಕ್ಕ ಪಿಎಚ್‌ಡಿ ಬೇರೆ ಬೇಕೇನು?" ಎಂದರು ನನ್ನ ಗಂಡ. ಗೊತ್ತಿದ್ದದ್ದನ್ನು ಸಾಬೀತು ಮಾಡಿದ್ದಕ್ಕೇ ಪದವಿ ಕೊಡುತ್ತಾರೆ ಎಂದೆ. ಅವರು ಚಹಾ ಕುಡಿದು ಎದ್ದು ಹೋದರು.

ನನ್ನ ಗೈಡ್ ಖಡಕ್ ಹೆಂಗಸು. ಶಾಲೆಯ ಬಗ್ಗೆ ಮಕ್ಕಳ ಮನೋಭಾವ ಅಳೆಯುವ ನಲವತ್ತು ಪ್ರಶ್ನೆಗಳ ಪ್ರಶ್ನಾವಳಿಯೊಂದನ್ನು ಅವರು ತಮ್ಮ ಪಿಎಚ್‌ಡಿ ಕಾಲದಲ್ಲಿ ತಯಾರಿಸಿದ್ದರು. ಅವರ ಕೈಕೆಳಗಿನ ಎಲ್ಲರೂ ಅದನ್ನೇ ಬಳಸಬೇಕು. ನಾನೂ ಅದನ್ನೇ ಹಿಡಿದೆ, ಕೊನೆಗೊಂದು ಪ್ರಶ್ನೆ ಸೇರಿಸಿದೆ: ಶಾಲೆಗೆ ಬಾರದ ದಿನ ನೀನು ಏನು ಮಾಡುತ್ತೀ? ಇದಕ್ಕೆ ಮಾತ್ರ ಮಕ್ಕಳು ತಮ್ಮ ಮಾತಿನಲ್ಲಿ ಬರೆಯಬೇಕು. ಉಳಿದವಕ್ಕೆ ಬರೀ ಟಿಕ್.

ಕೆಂಚನಗುಡ್ಡದ ಕಡೆಯ ಒಂದು ಶಾಲೆಗೆ ಹೋದ ದಿನ ಅರ್ಧ ಬೆಂಚು ಖಾಲಿ. ಹೆಡ್ಮಾಸ್ತರು ಬಹಳ ಮರ್ಯಾದೆಯ ಮನುಷ್ಯ. "ಹುಡುಗ್ಯಾರೆಲ್ಲ ನೆಲ್ಲು ಹಚ್ಚಾಕ ಹೋಗ್ಯಾರ್ರಿ ಮೇಡಂ. ನೀವು ಯಾಕ ಅಡ್ಡಾಡ್ತೀರಿ, ಕಟ್ಟು ಇಲ್ಲೇ ಇಟ್ಟು ಹೋಗ್ರಿ. ಬಂದಂಗ ಬಂದಂಗ ತುಂಬಿಸಿ ಇಡ್ತೀನಿ" ಎಂದರು. ಹಾಜರಿ ನಂಬರು ಹಾಕಿದ ಪ್ರಶ್ನಾವಳಿಗಳ ಕಟ್ಟು ಕೊಟ್ಟು ಬಂದೆ. ಹದಿನೈದು ದಿನಕ್ಕೆ ಒಂದೂ ಕಡಿಮೆಯಾಗದೆ ವಾಪಸು ಬಂತು. ಇಂಥ ಪುಣ್ಯಾತ್ಮರೂ ಇದ್ದಾರಲ್ಲ ಎಂದು ಖುಷಿಪಟ್ಟೆ.

ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದೆ. ಕೋಷ್ಟಕಗಳು ಎಷ್ಟು ಚೆಂದ ಬಂದವೆಂದರೆ ಗೈಡ್ ಮೊದಲ ಸಲ ನನಗೆ ಕುರ್ಚಿ ತೋರಿಸಿ ಕೂರಲು ಹೇಳಿದರು. ನೋಂದಣಿಯ ಅವಧಿ ಮುಗಿಯಲು ಮೂರು ತಿಂಗಳಿತ್ತು. ಹತ್ತು ಮಕ್ಕಳನ್ನು ಮಾತಾಡಿಸಿ ಒಂದು ಅಧ್ಯಾಯ ಬರೆದರೆ ಪ್ರಬಂಧ ಮುಗಿಯಿತು.

ಅದಕ್ಕಾಗಿ ಅದೇ ಶಾಲೆಗೆ ಮತ್ತೆ ಹೋದೆ. ಏಳನೇ ತರಗತಿಯ ಒಬ್ಬಳನ್ನು ವರಾಂಡದಲ್ಲಿ ಕೂರಿಸಿಕೊಂಡು, ಅವಳ ನಂಬರಿನ ಹಾಳೆ ತೆಗೆದು, "ಬಾರದ ದಿನ ಮನೆಯಲ್ಲಿ ಪಾಠ ಓದುತ್ತೇನೆ ಅಂತ ಬರದೀಯಲ್ಲ, ಏನು ಓದ್ತಿ?" ಎಂದು ಕೇಳಿದೆ. ಅವಳು ಹಾಳೆಯನ್ನು ತಿರುಗಿಸಿ ನೋಡಿ ನಕ್ಕಳು.

"ಇದು ನಂದಲ್ರಿ ಮಿಸ್. ಇದು ನಮ್ಮ ಸರ್ ಅಕ್ಷರ. ನಾ ಆವಾಗ ಗದ್ದ್ಯಾಗ ಇದ್ದೆ."

ಉಳಿದ ಒಂಬತ್ತು ಹಾಳೆ ತೋರಿಸಿದೆ. ಮೂರು ಜನರ ಕೈಬರಹ, ಮಕ್ಕಳದ್ದು ಒಂದೂ ಇಲ್ಲ. ಹೆಡ್ಮಾಸ್ತರ ಕೋಣೆಗೆ ಹೋಗಿ ಬಾಯಿಗೆ ಬಂದದ್ದು ಅಂದೆ. ಅವರಿಗೆ ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ನಿಜವಾಗಿಯೂ ಆಶ್ಚರ್ಯವಾಯಿತು.

"ಅಲ್ರಿ ಮೇಡಂ, ನಿಮ್ಮ ಕೆಲಸ ನಿಂದರಬಾರದು ಅಂತ ಮೂರು ಮಂದಿ ಕುಂತು ತುಂಬೀವ್ರಿ. ನೀವೂ ಮಾಸ್ತರಕಿ ಮಾಡೋರು. ನಿಮ್ಮ ಸಾಲ್ಯಾಗ ಹಿಂಗ ಮಾಡಂಗಿಲ್ಲೇನು?"

ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಬಂದೆ. ಮಾಡುತ್ತೇವೆ. ಯಾವ ಸರ್ವೆ ಬಂದರೂ, ಯಾರ ಫಾರ್ಮ್ ಬಂದರೂ, ಪಾಠ ಬಿಟ್ಟು ಮಕ್ಕಳ ಕೈಲಿ ಯಾರು ತುಂಬಿಸುತ್ತಾರೆ? ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಬಸ್ಸಿನಲ್ಲಿ, ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಒಂದು ಮಧ್ಯಾಹ್ನ ನೆನಪಾಯಿತು. ಯಾವುದೋ ವಿಶ್ವವಿದ್ಯಾಲಯದ ಕಟ್ಟು ಬಂದಿತ್ತು. ಸ್ಟಾಫ್ ರೂಮಿಗೆ ಒಗ್ಗರಣಿ ಮಿರ್ಚಿ ತರಿಸಿಕೊಂಡು ತಿನ್ನುತ್ತ ಹಾಳೆಗಳನ್ನು ಹಂಚಿಕೊಂಡಿದ್ದೆವು. ನನ್ನ ಪಾಲಿಗೆ ಮೂವತ್ತೈದು. ಒಂದೇ ಕೈ ಎಂದು ಗೊತ್ತಾಗಬಾರದೆಂದು ಒಂದು ಹಾಳೆಗೆ ನೀಲಿ ಪೆನ್ನಿನಲ್ಲಿ, ಇನ್ನೊಂದಕ್ಕೆ ಕಪ್ಪು ಪೆನ್ನಿನಲ್ಲಿ ಟಿಕ್ ಹಾಕಿದ್ದೆ. "ಎಷ್ಟು ಹುಷಾರ್ ಅದೀರಿ ಟೀಚರ್ರೇ!" ಎಂದು ಹಿರಿಯರು ಹೊಗಳಿದ್ದರು. ಹೊಗಳಿಕೆಗೆ ಉಬ್ಬಿದ್ದೆ.

ಮನೆಗೆ ಬಂದು ಗೈಡ್ ಅವರ ಪ್ರಬಂಧದ ಕೊನೆಯ ಪುಟಗಳನ್ನು ತೆಗೆದೆ. ಪ್ರಶ್ನಾವಳಿಯನ್ನು ಪರೀಕ್ಷಿಸಿದ ಶಾಲೆಗಳ ಪಟ್ಟಿಯಲ್ಲಿ ನಮ್ಮ ಕುರುಗೋಡಿನ ಶಾಲೆ ಇತ್ತು. ನಾನು ಸೇರಿದ ವರ್ಷವೇ. ಐದು ವರ್ಷ ಆ ಪುಸ್ತಕ ನನ್ನ ಮೇಜಿನ ಮೇಲಿತ್ತು, ಆ ಪುಟ ತಿರುವಿರಲಿಲ್ಲ.

ಮುಂದಿನ ಸೋಮವಾರ ರಜೆ ಹಾಕಿ ಗೈಡ್ ಅವರನ್ನು ಕಂಡೆ. ಕೆಂಚನಗುಡ್ಡದ ಕಡೆಯ ಹಾಳೆಗಳ ವಿಷಯ ಹೇಳಿದೆ. ನಾಟಿಗೆ ಹೋಗುವ ಹುಡುಗಿಯರು ಹೆಚ್ಚಿದ್ದದ್ದು ಆ ಶಾಲೆಯಲ್ಲೇ, ಅವನ್ನು ಬಿಟ್ಟರೆ ಪ್ರಬಂಧದಲ್ಲಿ ಹುರುಳಿಲ್ಲ. ಹೊಸದಾಗಿ ಮಾಡಬೇಕೆಂದರೆ ಕಾಲುವೆಗೆ ನೀರು ಬಿಟ್ಟು ಮತ್ತೆ ನಾಟಿ ಶುರುವಾಗಬೇಕು. ಅದಕ್ಕೆ ಒಂದು ವರ್ಷದ ವಿಸ್ತರಣೆ ಬೇಕು, ಅರ್ಜಿಗೆ ಅವರ ಸಹಿ ಬೇಕು. ಅವರು ಒಲ್ಲೆ ಎಂದರೆ ನನ್ನ ಪಿಎಚ್‌ಡಿ ಅಲ್ಲಿಗೇ ಮುಗಿಯಿತು.

"ಹಿಂಗೆಲ್ಲ ಬೇಜವಾಬ್ದಾರಿ ಮಾಡಿದ್ರ ನಾ ಯಾಕ ಸಹಿ ಮಾಡ್ಲೆಮ್ಮಾ?" ಎಂದರು. "ನನ್ನ ಕಾಲಕ್ಕ ಒಂದು ಹಾಳಿ ಹಂಗ ಬಂದಿದ್ದಿಲ್ಲ. ನಿಮ್ಮ ಕುರುಗೋಡು ಸಾಲಿಂದ ಬಂದಿದ್ವು ನೋಡು, ಒಂದು ಪ್ರಶ್ನಿ ಖಾಲಿ ಬಿಟ್ಟಿದ್ದಿಲ್ಲ."

ಸುಮ್ಮನಿರಬಹುದಿತ್ತು. ಹೌದು ಮೇಡಂ ತಪ್ಪಾಯಿತು ಎಂದು ತಲೆ ತಗ್ಗಿಸಿದ್ದರೆ ಒಂದಿಷ್ಟು ಬೈದು ಸಹಿ ಮಾಡುತ್ತಿದ್ದರೋ ಏನೋ. ಆದರೂ ಬಾಯಿ ಬಿಟ್ಟೆ.

"ಮೇಡಂ, ಕುರುಗೋಡಿನ ಮಕ್ಕಳೊಳಗ ಮೂವತ್ತೈದು ಮಂದಿ ನಾನೇ ಅದೀನ್ರಿ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಸ್ಟಾಫ್ ರೂಮು, ಮಿರ್ಚಿ, ಎರಡು ಪೆನ್ನು, ಎಲ್ಲ ಹೇಳಿದೆ. ಅವರು ಎದ್ದು ಹೋಗಿ ಕಪಾಟಿನ ಮುಂದೆ ನಿಂತರು. ಅಲ್ಲಿ ಅವರ ಪ್ರಬಂಧವಿತ್ತು, ಅದೇ ಪ್ರಶ್ನಾವಳಿ ಬಳಸಿದ ಅವರ ಶಿಷ್ಯರ ಪ್ರಬಂಧಗಳು ಸಾಲಾಗಿದ್ದವು. ಯಾವುದನ್ನೂ ಮುಟ್ಟಲಿಲ್ಲ. ವಾಪಸು ಬಂದು ಕೂತು, ನನ್ನ ಅರ್ಜಿ ಎಳೆದುಕೊಂಡು ಸಹಿ ಮಾಡಿದರು. "ಈ ಸಲ ನೀನೇ ಗದ್ದಿಗೆ ಹೋಗು" ಎಂದರು.

ನಾನು ಬಾಗಿಲ ಹತ್ತಿರ ಹೋದಾಗ ಮತ್ತೆ ಕರೆದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಆ ಮೂವತ್ತೈದು ಮಕ್ಕಳು ನನಗ ಏನು ಹೇಳಿದ್ರವ್ವಾ?"

ಯೋಚಿಸಿ ನೋಡಿದೆ. ಒಂದು ಉತ್ತರವೂ ನೆನಪಿರಲಿಲ್ಲ. ಆವತ್ತು ಪ್ರಶ್ನೆಗಳನ್ನು ನಾನು ಓದಿಯೇ ಇರಲಿಲ್ಲ.