ಅಪ್ಪ ಫಿಟ್ ಎಂದು ಬರೆದ ಗಾಡಿ

ಹಾಸನದಲ್ಲಿ ನಾವು ಒಂದಿಷ್ಟು ಜನ ಎರಡು ವರ್ಷದಿಂದ ಭಾನುವಾರ ಭಾನುವಾರ ಸೇರಿ ತುಂಡು ಹಳಿಯ ಮೇಲೆ ನಿಂತಿದ್ದ ಹಳೆಯ ಮೀಟರ್ ಗೇಜ್ ಬೋಗಿಯೊಂದನ್ನು ರಿಪೇರಿ ಮಾಡುತ್ತಿದ್ದೆವು. ಯಾರೂ ಸಂಬಳ ಕೊಡುತ್ತಿರಲಿಲ್ಲ, ಯಾರೂ ನಮ್ಮನ್ನು ಕರೆದೂ ಇರಲಿಲ್ಲ. ನಿವೃತ್ತ ಐಟಿಐ ಮೇಷ್ಟ್ರು ಒಬ್ಬರನ್ನು ಬಿಟ್ಟರೆ ಉಳಿದವರಿಗೆ ಸ್ಪ್ಯಾನರ್ ಹಿಡಿಯುವುದೂ ಗೊತ್ತಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಉಪ್ಪುಕಾಗದ. ಸೀಟಿನ ಹಲಗೆ, ಕಿಟಕಿಯ ಪಟ್ಟಿ, ಬಾಗಿಲು ಎಲ್ಲವನ್ನೂ ಉಜ್ಜಿ ಉಜ್ಜಿ ಬೆರಳ ಗೆರೆ ಸವೆದು, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ನನ್ನ ಗುರುತು ಹಿಡಿಯುವುದನ್ನೇ ನಿಲ್ಲಿಸಿತು. ಮನೆಯಲ್ಲಿ ಒಂದು ಕುರ್ಚಿ ಒರೆಸದವಳು ಎಂದು ತಂಗಿ ಹಂಗಿಸಿದಳು. ಹಂಗಿಸಲಿ, ಮಾತು ನಿಜವೇ.

ಆದರೆ ನಾನು ಹೋಗುತ್ತಿದ್ದುದು ಮರ ಉಜ್ಜುವುದಕ್ಕಲ್ಲ. ಕಾಲೇಜಿನ ಮೂರು ವರ್ಷ ಹೊಳೆನರಸೀಪುರದಿಂದ ಹಾಸನಕ್ಕೆ ಇಂಥದೇ ಬೋಗಿಯಲ್ಲಿ ಅಪ್ಪನ ಜೊತೆ ಬರುತ್ತಿದ್ದೆ. ಆ ಸಣ್ಣ ಹಳಿಯನ್ನೆಲ್ಲ ಕಿತ್ತು, ಅಗಲದ ಹಳಿ ಹಾಕಿ, ಈಗ ದೊಡ್ಡ ರೈಲುಗಳು ಓಡುತ್ತವೆ. ಅವುಗಳಲ್ಲಿ ಕೂತರೆ ನನಗೆ ಎಲ್ಲಿಗೂ ಹೋದ ಹಾಗೆ ಅನ್ನಿಸುವುದಿಲ್ಲ. ಭಾನುವಾರ ಉಳಿದವರು ಟೀ ಕುಡಿಯಲು ಹೋದಾಗ ನಾನೊಬ್ಬಳೇ ಬೋಗಿಯ ಕಿಟಕಿಯ ಪಕ್ಕ ಕಣ್ಣು ಮುಚ್ಚಿ ಕೂತು ಮಾವಿನಕೆರೆ ಸ್ಟೇಷನ್ ಬರಲಿ ಎಂದು ಕಾಯುತ್ತಿದ್ದೆ. ಐವತ್ತು ದಾಟಿದ ಹೆಂಗಸಿಗೆ ಇದೇನು ಹುಚ್ಚು ಎಂದು ನನಗೇ ನಾಚಿಕೆಯಾಗುತ್ತಿತ್ತು. ಆದರೂ ಆ ಗಾಡಿ ಒಂದು ಸಲ, ಒಂದೇ ಒಂದು ಸಲ, ಅಲುಗಬೇಕೆಂದು ಆಸೆ.

ಅಪ್ಪ ಹಾಸನ ಸ್ಟೇಷನ್ನಿನಲ್ಲಿ ಗಾಡಿ ಪರೀಕ್ಷೆಯ ಖಲಾಸಿಯಾಗಿದ್ದವರು. ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದೇ ಚಕ್ರಕ್ಕೆ ಹೊಡೆಯುತ್ತ ಹೋಗುವುದು ಅವರ ಕೆಲಸ. ಟಣ್ ಎಂದರೆ ಚಕ್ರ ಗಟ್ಟಿ, ಗಾಡಿ ‘ಫಿಟ್’. ಟಪ್ ಎಂದರೆ ಎಲ್ಲೋ ಬಿರುಕು. ಆಗ ಬೋಗಿಯ ಮೇಲೆ ಸೀಮೆಸುಣ್ಣದಲ್ಲಿ ‘ಸಿಕ್’, ಅಂದರೆ ಕಾಯಿಲೆ ಬಿದ್ದ ಗಾಡಿ, ಎಂದು ಬರೆದು, ರೈಲಿನಿಂದ ಬಿಡಿಸಿ ರಿಪೇರಿಗೆ ಕಳಿಸುತ್ತಿದ್ದರು. ಎಂಥ ಸಾಹೇಬರು ಕೂಗಾಡಿದರೂ ಬರೆದದ್ದನ್ನು ಅಳಿಸಿದವರಲ್ಲ. ಆ ಸದ್ದೇ ಅವರ ಕಿವಿಯನ್ನೂ ತಿಂದಿತು. ಈಗ ಎಂಬತ್ತು ದಾಟಿದೆ, ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಾರೆ.

ಬೋಗಿ ಸಿದ್ಧವಾಯಿತು. ಮಾರನೆಯ ದಿನ ಜನರಿಗೆ ತೋರಿಸುವುದಿತ್ತು. “ನಿಮ್ಮಪ್ಪಾರ ಕೈಲೇ ಫಿಟ್ ಅಂತ ಬರೆಸಾಣ ಮೇಡಂ, ಕರ್ಕಂಡ್ ಬನ್ನಿ,” ಎಂದರು ಮೇಷ್ಟ್ರು. ಅಪ್ಪ ಕ್ಷೌರ ಮಾಡಿಸಿಕೊಂಡು, ಖಾಕಿ ಅಂಗಿ ಹಾಕಿಕೊಂಡು, ಅಟ್ಟದಿಂದ ಸುತ್ತಿಗೆ ಇಳಿಸಿಕೊಂಡು ಹೊರಟರು. ರೈಲ್ವೆಯ ಸುತ್ತಿಗೆ ನಮ್ಮ ಅಟ್ಟಕ್ಕೆ ಹೇಗೆ ಬಂತೆಂದು ನಾನು ಕೇಳಲಿಲ್ಲ.

ನಾವು ತಲುಪಿದ ಕೂಡಲೇ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. ಹಿಂದಿನ ಎರಡು ಚಕ್ರಗಳನ್ನು ಹಳಿಗೇ ಬೆಸುಗೆ ಹಾಕಿ, ಮೇಲೆ ಕಪ್ಪು ಬಣ್ಣ ಬಳಿದಿದ್ದರಂತೆ. “ನಾಳೆ ಐಕ್ಳು ಸೇರ್ಕಂಡು ತಳ್ಬುಟ್ರೆ ಯಾರು ಮೇಡಂ ಜವಾಬ್ದಾರಿ?” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಮಾತ್ರ ಅವರನ್ನು ಅಲ್ಲೇ ಹಿಡಿದು ಬಯ್ಯಬೇಕು ಅನ್ನಿಸಿತು. ಅಪ್ಪನಿಗೆ ಇದು ಗೊತ್ತಾದರೆ ಫಿಟ್ ಎಂದು ಬರೆಯುವ ಮಾತೇ ಇಲ್ಲ. ಅವರು ಬರೆಯದಿದ್ದರೆ ನನ್ನ ಪಾಲಿಗೆ ಅದು ಗಾಡಿಯೇ ಅಲ್ಲ.

ಅಪ್ಪ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. “ನೀನ್ ಒಡಿ ಮಗ, ಏನಂತದೆ ನಂಗೇಳು.”

ಹೊಡೆದೆ. ಟಣ್. ತಲೆಯಾಡಿಸಿದೆ. ಆರು ಚಕ್ರ ಹಾಗೇ ಆಯಿತು. ಏಳನೆಯದು, ಬೆಸುಗೆ ಹಾಕಿದ್ದು, ಕುಂಬಳಕಾಯಿಗೆ ಹೊಡೆದ ಹಾಗೆ ಟಪ್ ಎಂದಿತು. ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದರು.

“ಏನಂತು?”

“ಟಣ್ ಅಂತಪ್ಪ.”

“ಸರ್ಯಾಗ್ ಕೇಳ್ದಾ?”

“ಕೇಳ್ದೆ.”

ಎಂಟನೆಯದಕ್ಕೆ ಅವರು ಮಂಡಿಯ ಮೇಲೆ ಕೈಯೂರಿ ಬಗ್ಗಿ, ಚಕ್ರದ ಮೇಲೆ ಅಂಗೈ ಇಟ್ಟರು. “ಈಗ ಒಡಿ.” ಹೊಡೆದೆ. ಅದೂ ಟಪ್. ಅಂಗೈ ಅಲ್ಲೇ ಇತ್ತು, ತೆಗೆಯಲೇ ಇಲ್ಲ. ನನ್ನನ್ನು ಏನೂ ಕೇಳಲಿಲ್ಲ. ಎದ್ದು ಸೀಮೆಸುಣ್ಣ ಇಸಿದುಕೊಂಡು, ಹೊಸ ಬಣ್ಣದ ಮೇಲೆ ದೊಡ್ಡದಾಗಿ ‘ಫಿಟ್’ ಎಂದು ಬರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ವಾಪಸು ಬರುವಾಗ ಬಸ್ಸು ಹಾಸನ ದಾಟಿತು. ಆಗ ಅಪ್ಪ, ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಇಡೀ ಬಸ್ಸಿಗೆ ಕೇಳುವಂತೆ, “ಸುಳ್ಳೇಳ್ದೆ ಅಲ್ವಾ?” ಎಂದರು.

ನಾನು ತಲೆ ತಗ್ಗಿಸಿದೆ.

“ಬೆಸ್ಗೆ ಆಕವ್ರೆ. ಕೈಗ್ ಗೊತ್ತಾಗಕಿಲ್ವಾ?”

ಅವರಿಗೆ ತುಟಿ ಕಾಣುವಂತೆ ತಿರುಗಿ ಕೇಳಿದೆ. “ಮತ್ಯಾಕಪ್ಪ ಫಿಟ್ ಅಂತ ಬರ್ದೆ?”

“ಸಿಕ್ ಅಂತ ಬರ್ದ್ರೆ ರಿಪೇರಿ ಮಾಡಿ ಮತ್ತೆ ಲೈನಿಗ್ ಬುಡ್ಬೇಕು ಕಣವ್ವ. ಅದನ್ನ ಯಾವ್ ಲೈನಿಗ್ ಬುಡಾನ?”

ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತೆ. ಅಪ್ಪನಿಗೆ ಹೇಗೂ ಕೇಳಿಸುವುದಿಲ್ಲವಲ್ಲ ಎಂದು, ಬಸ್ಸಿನವರು ಏನು ಬೇಕಾದರೂ ಅಂದುಕೊಳ್ಳಲಿ ಎಂದು, ಸದ್ದು ಮಾಡಿಯೇ ಅತ್ತೆ.