ಬಂಗಲೆಯ ನೆಲದಲ್ಲಿ ನಾಲ್ಕು ಬೆರಳು

ಆಗಿನ್ನೂ ಕುಷಾಯಿಗೂಡ ದಾಟಿದರೆ ಹೈದರಾಬಾದು ಮುಗಿದೇ ಹೋಗುತ್ತಿತ್ತು. ಮುಂದೆ ಬಂಡೆಗಲ್ಲು, ಸೀತಾಫಲದ ಗಿಡ, ಮೇಕೆ ಕಾಯುವವರು. ಆ ಬಯಲಿನ ಅಂಚಿಗೆ ಹೊಸದೊಂದು ಕಾಲೊನಿ ಏಳುತ್ತಿತ್ತು. ಯಾದಗಿರಿ ಕಡೆಯಿಂದ ದುಡಿಯಲು ಬಂದ ನಾವು ಹತ್ತು ಮನೆಯವರು ಅದರ ಪಕ್ಕದಲ್ಲೇ ತಗಡಿನ ಶೆಡ್ ಹಾಕಿಕೊಂಡಿದ್ದೆವು. ಅಪ್ಪ ಗೌಂಡಿ, ಗೋಡೆ ಕಟ್ಟುವವನು. ಅವ್ವ ಅವನಿಗೆ ಕಲಸಿದ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಊರಲ್ಲಿ ಐದನೇ ಇಯತ್ತೆ ಮುಗಿಸಿ ಬಂದ ನಾನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಏಳು ವರ್ಷದ ತಂಗಿ ಶರಣಿಯನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಇಟ್ಟಿಗೆ ರಾಶಿಯ ನೆರಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಲೊನಿಯ ಹಿಂದೆ, ಹುಣಸೆ ಮರಗಳ ನಡುವೆ, ಪಾಳು ಬಿದ್ದ ತೋಟದ ಬಂಗಲೆಯೊಂದಿತ್ತು. ಯಾರೋ ಜಾಗೀರದಾರರು ಬೇಸಿಗೆ ಕಳೆಯಲು ಕಟ್ಟಿಸಿದ್ದಂತೆ. ಅವರ ಮಕ್ಕಳು ಮೊಮ್ಮಕ್ಕಳು ಪಟ್ಟಣ ಸೇರಿ ಎಷ್ಟೋ ಕಾಲವಾಗಿತ್ತು. ನೀರಿಲ್ಲದ ಕಾರಂಜಿಯ ತುಂಬ ಒಣಗಿದ ಎಲೆ, ಕಮಾನುಗಳಲ್ಲಿ ಪಾರಿವಾಳ. ಒಳಗೆ ಕಾಲಿಟ್ಟರೆ ಬಾವಲಿಯದೂ ಹಳೇ ಸುಣ್ಣದ್ದೂ ಕಲೆತ ಒಂದು ತಣ್ಣನೆಯ ವಾಸನೆ. ನಡುಮನೆಯ ನೆಲ ಮಾತ್ರ ಹೊಳೆಯುತ್ತಿತ್ತು. ಬಿಳಿ ಗಾರೆಯ ನಡುವೆ ಅಂಗೈಯಗಲದ ನೀಲಿ ಬಿಲ್ಲೆಗಳನ್ನು ಹೂವಿನಂತೆ ಜೋಡಿಸಿದ್ದರು.

ಮೊದಲ ದಿನ ಕಂಪೌಂಡ್ ಹಾರಿದಾಗ ಯಾರೋ ಹಿಂದಿಯಲ್ಲಿ ಗದರಿದರು. ಶರಣಿ ನನ್ನ ಅಂಗಿ ಹಿಡಿದೆಳೆದಳು. "ಅಣ್ಣಾ, ಓಡೂಣು ಬಾ!"

ನಮ್ಮ ಕನ್ನಡ ಕೇಳಿ, ಗದರಿದ ಮುದುಕ ನಕ್ಕುಬಿಟ್ಟ. "ಎಲ್ಲಿಗಿ ಓಡ್ತೀರಿ? ಯಾವ ಊರಿನ ಮಂಗ್ಯಾಗೋಳು ನೀವು?"

ಅವರೇ ಖಾಜಾ ಚಾಚಾ. ಬೀದರ ಕಡೆಯವರು. ಗೇಟಿನ ಪಕ್ಕದ ಕೋಣೆಯಲ್ಲಿ ಒಬ್ಬರೇ ಇದ್ದುಕೊಂಡು ಬಂಗಲೆ ಕಾಯುತ್ತಿದ್ದರು. ಬೆಳಿಗ್ಗೆ ಎದ್ದವರೇ ಆ ನೆಲ ಗುಡಿಸಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

"ಯಾರೂ ಇಲ್ಲದ ಮನಿ ಯಾಕ ಕಸಾ ಹೊಡೀತಿ ಚಾಚಾ?" ಶರಣಿ ಒಮ್ಮೆ ಕೇಳಿದಳು.

"ಯಾರೂ ಇಲ್ಲ ಅಂತ ಯಾರಂದ್ರು? ನಾ ಇಲ್ಲೇನು?"

"ನೆಲದಾಗ ಬಂಗಾರದ ಕೊಡ ಹುಗದಾರಂತ, ಹೌದೇನು?"

"ಇದ್ದಿದ್ರ ನನ್ನ ಹಲ್ಲು ಬಂಗಾರದ್ದ ಇರ್ತಿದ್ದು, ನೋಡು," ಎಂದು ಬೊಚ್ಚು ಬಾಯಿ ತೆರೆದು ತೋರಿಸಿದರು.

ಮಳೆಗಾಲ ಮುಗಿಯುತ್ತ ಬಂದು ಸೀತಾಫಲ ಕಣ್ಣು ಬಿಡುತ್ತಿದ್ದ ಹೊತ್ತದು. ಚಾಚಾ ಹುಲ್ಲಲ್ಲಿ ಮುಚ್ಚಿಟ್ಟು ಹಣ್ಣು ಮಾಡಿ ಕೊಡುವರು. ನಾವು ಕಾರಂಜಿಯ ಕಟ್ಟೆಯ ಮೇಲೆ ಕೂತು, ಬೀಜ ಯಾರದು ದೂರ ಹೋಗುತ್ತದೆ ಎಂದು ಉಗುಳುತ್ತಿದ್ದೆವು. ಅವರದು ಒಂದೇ ಕರಾರು: "ಗಿಡದಾಗಿಂದೆಲ್ಲ ನಿಮ್ದ. ಮನಿದು ಏನೂ ಮುಟ್ಟಬ್ಯಾಡ್ರಿ."

ಮುಟ್ಟಿದೆ. ಶರಣಿಗೆ ಕುಂಟಾಬಿಲ್ಲೆಯ ಹುಚ್ಚು. ಹಂಚಿನ ಚೂರು ಎಸೆದು ಎಸೆದು ಬೇಸತ್ತವಳಿಗೆ ಆ ನೀಲಿ ಬಿಲ್ಲೆಯ ಮೇಲೆ ಕಣ್ಣು. ಮೂಲೆಯದೊಂದು ಸ್ವಲ್ಪ ಅಲ್ಲಾಡುತ್ತಿತ್ತು. ಚಾಚಾ ನಮಾಜಿಗೆ ಹೋದ ಮಧ್ಯಾಹ್ನ, ಅಪ್ಪನ ಉಳಿಯಿಂದ ಅದನ್ನು ಎಬ್ಬಿಸಿದೆ. ಆಟದ ಮೂರನೇ ಎಸೆತಕ್ಕೇ ಅದು ಕಲ್ಲಿಗೆ ಬಡಿದು ಎರಡು ಹೋಳಾಯಿತು. ಶರಣಿ ಅಳತೊಡಗಿದಳು. ನನಗೆ ನೆಲದ ಆ ಗುಂಡಿಯೇ ಕಣ್ಣ ಮುಂದೆ. ನಾಳೆ ಬೆಳಿಗ್ಗೆ ಕಸಬರಿಗೆ ಅಲ್ಲಿ ತಡೆಯುತ್ತದಲ್ಲ!

ನಾನು ಗೌಂಡಿಯ ಮಗ. ಕೆಲಸದ ಜಾಗಕ್ಕೆ ಓಡಿ, ಒಂದು ಡಬ್ಬಿಯಲ್ಲಿ ಸಿಮೆಂಟು ಮರಳು ಕದ್ದು ತಂದು, ಕಲಸಿ, ಗುಂಡಿ ತುಂಬಿದೆ. ಸವರಲು ಕರಣಿ ಇರಲಿಲ್ಲ, ಬೆರಳಿಂದಲೇ ಸವರಿದೆ. ಕೆಲಸ ಭರ್ಜರಿಯಾಗಿದೆ ಎಂದುಕೊಂಡೆ. ಹಳೇ ಸುಣ್ಣದ ಗಾರೆಯ ನಡುವೆ ಹೊಸ ಸಿಮೆಂಟು ಎಷ್ಟು ದೂರದಿಂದ ಕಾಣುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಮರುದಿನ ನಾವು ಬಂಗಲೆಯ ಕಡೆ ಸುಳಿಯಲಿಲ್ಲ. ಅಂದೇ ಮಾಲೀಕರ ಮೊಮ್ಮಗ ಕಾರಿನಲ್ಲಿ ಬಂದ. ಅವನ ಕೂಗು ನಮ್ಮ ಶೆಡ್ಡಿನ ತನಕ ಕೇಳಿತು. "ಯಹಾಂ ಸೇ ಕ್ಯಾ ನಿಕಾಲಾ?" ಇಲ್ಲಿಂದ ಏನು ತೆಗೆದೆ, ಹೇಳು ಎಂದು. ನೆಲ ಅಗೆದು, ಬಂಗಾರ ತೆಗೆದು, ಮೇಲೆ ಸಿಮೆಂಟು ಬಳಿದಿದ್ದಾನೆ ಮುದುಕ ಎಂದು ಅವನಿಗೆ ಖಾತ್ರಿಯಾಗಿತ್ತು. ಮೂರು ದಿನದಲ್ಲಿ ಒಪ್ಪಿಕೊಳ್ಳದಿದ್ದರೆ ಪೊಲೀಸರು ಎಂದು ಹೇಳಿ ಹೋದ.

ಆ ಮೂರು ದಿನವೂ ನಾನು ಬಾಯಿ ಬಿಡಲಿಲ್ಲ.

ಮೂರನೇ ದಿನ ಚಾಚಾ ಅಪ್ಪನನ್ನು ಹುಡುಕಿಕೊಂಡು ಬಂದರು. "ಮಿಸ್ತ್ರಿ, ನೀವು ಕಸಬುದಾರರು. ಇದು ಯಾರ ಕೈಕೆಲಸ ಅಂತ ಸಾಹೇಬರ ಮುಂದ ಒಂದ್ಸಲ ನೋಡಿ ಹೇಳ್ರಿ. ಮತ್ತೇನೂ ಬ್ಯಾಡ."

ಅಪ್ಪ ಕೈ ತೊಳೆದು ಹೊರಟ. ನನ್ನನ್ನೂ ಕರೆದ.

ಬಂಗಲೆಯಲ್ಲಿ ಆ ಮೊಮ್ಮಗ ಸಾಹೇಬ ಕೈ ಕಟ್ಟಿ ನಿಂತಿದ್ದ. ಅಪ್ಪ ಮೊಣಕಾಲೂರಿ ಆ ತೇಪೆಯನ್ನು ನೋಡಿದ. ಅದರ ಮೇಲೆ ನಾಲ್ಕು ಬೆರಳಿನ ಗೆರೆ ಒಣಗಿ ಕಲ್ಲಾಗಿತ್ತು. ಅದರಲ್ಲೊಂದು ಸೊಟ್ಟ. ಹಿಂದಿನ ವರ್ಷ ಇಟ್ಟಿಗೆ ಬಿದ್ದು ನನ್ನ ನಡುಬೆರಳು ಸೊಟ್ಟಗಾಗಿತ್ತು. ಅದಕ್ಕೆ ಅರಿಶಿನ ಕಟ್ಟಿದವನು ಅಪ್ಪನೇ.

ಅವನು ಆ ಸೊಟ್ಟ ಗೆರೆಯ ಮೇಲೆ ಬೆರಳಾಡಿಸಿದ. ಕೆಲಸದ ಸಿಮೆಂಟು ಗೌಂಡಿಯ ಮಗನೇ ಕದ್ದ ಎಂದು ಕಾಲೊನಿಯ ಗುತ್ತೇದಾರನಿಗೆ ತಿಳಿದರೆ ಅವತ್ತೇ ನಮ್ಮ ಶೆಡ್ ಕಿತ್ತುಹಾಕಿಸುತ್ತಿದ್ದ. ಗೊತ್ತಾಗಲ್ಲ ಎಂದು ಹೇಳಿ ಎದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ.

"ಬಾ ಇಲ್ಲಿ," ಎಂದ ನನಗೆ. "ಕೈ ಇಡು."

ಇಟ್ಟೆ. ನಾಲ್ಕೂ ಬೆರಳು ಗೆರೆಗಳಲ್ಲಿ ಸರಿಯಾಗಿ ಕೂತವು.

ಅಪ್ಪ ತನ್ನ ಹರಕು ಹಿಂದಿಯಲ್ಲಿ ಸಾಹೇಬನಿಗೆ ಹೇಳಿದ: ನನ್ನ ಮಗನ ಕೈ. ಒಡೆದು ನೋಡಿ, ಕೆಳಗೆ ಮಣ್ಣು ಬಿಟ್ಟು ಏನೂ ಇಲ್ಲ. ನಾನು ಅಳುತ್ತ ಬಿಲ್ಲೆಯ ಕಥೆ ಹೇಳಿದೆ. ಸಾಹೇಬ ಒಮ್ಮೆ ನಕ್ಕ. "ಛೋಡೋ," ಅಂದ, ಬಿಡಿ ಅತ್ಲಾಗೆ ಎನ್ನುವಂತೆ. ಚಾಚಾರ ಮುಖವನ್ನು ಒಮ್ಮೆಯೂ ನೋಡದೆ ಕಾರು ಹತ್ತಿದ.

ಅಪ್ಪ ಉಳಿ ತೆಗೆದ. "ಚಾಚಾ, ಇದನ್ನ ತೆಗದು ಸುಣ್ಣದ ಗಾರಿ ಹಾಕಿ ಕೊಡ್ತೀನ್ರಿ."

ಚಾಚಾ ಅವನ ಕೈ ಹಿಡಿದರು. "ಬ್ಯಾಡ್ರಿ ಮಿಸ್ತ್ರಿ. ಇರ್ಲಿ. ಮುಂದ ಯಾರರ ಬಂದು ನೋಡಿದ್ರ, ಕೂಸಿನ ಕೈ ಅಂತ ತಿಳಿಲಿ." ನನ್ನ ತಲೆಯ ಮೇಲೆ ಕೈಯಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಅವರು ನೆಲ ಗುಡಿಸಿ ಒರೆಸಿದರು. ಕೀಲಿಯನ್ನು ಗೇಟಿಗೇ ನೇತುಹಾಕಿ, ಗಂಟು ಹೊತ್ತು ನಡೆದರು. "ಅವರು ಬಿಡು ಅಂದಾರಲ್ರಿ, ಯಾಕ ಹೊಂಟ್ರಿ?" ಎಂದು ಅವ್ವ ಕೇಳಿದ್ದಕ್ಕೆ, "ಕಳ್ಳ ಅನಿಸ್ಕೊಂಡ ಮನ್ಯಾಗ ಹೆಂಗ ಕಸಾ ಹೊಡೀಲಿ ತಂಗಿ?" ಅಂದರು. ಮತ್ತೆ ಅವರನ್ನು ನಾವು ಕಾಣಲಿಲ್ಲ.

ಅಪ್ಪ ನನ್ನನ್ನು ಹೊಡೆಯಲಿಲ್ಲ. ಒಂದೇ ಮಾತು ಹೇಳಿದ: "ಸಿಮೆಂಟು ಹಸಿ ಇದ್ದಾಗ ಹೇಳಬೇಕಿತ್ತಲೇ."

ಒಂದೇ ಮಳೆಗಾಲದಲ್ಲಿ ಆ ನೆಲ ಬಾವಲಿಯ ಹಿಕ್ಕೆ, ಒಣಗಿದ ಎಲೆಗಳಡಿ ಮುಚ್ಚಿಹೋಯಿತು. ಆಮೇಲೆ ಬಂಗಲೆಯೂ ಹೋಯಿತು, ಹುಣಸೆ ಮರಗಳೂ ಹೋದವು. ಈಗ ಅಲ್ಲಿ ಸಾಲು ಅಪಾರ್ಟ್‌ಮೆಂಟು. ಸೀತಾಫಲವನ್ನು ತಳ್ಳುಗಾಡಿಯವನು ಎಲ್ಲಿಂದಲೋ ತಂದು ಮಾರುತ್ತಾನೆ.

ನಾನು ನೆಲ ಹಾಸುವ ಮಿಸ್ತ್ರಿಯಾದೆ. ದಿಲ್‌ಸುಖ್‌ನಗರದಿಂದ ಕುಷಾಯಿಗೂಡದ ತನಕ ಎಷ್ಟೋ ಮನೆಗಳ ನೆಲ ನನ್ನದು. ಓದಿದವರೂ ನನ್ನ ಕೆಲಸಕ್ಕೆ ಬೆರಳು ತೋರಿಸಿಲ್ಲ. ಮುಗಿಸಿದ ಮೇಲೆ ಚಾಚಾ ಮಾಡುತ್ತಿದ್ದಂತೆ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ನನ್ನ ಒಂದು ಗುರುತೂ ಉಳಿಯುವುದಿಲ್ಲ. ಉಳಿದರೂ, ಮೊಣಕಾಲೂರಿ ನೋಡಿ ಇದು ನನ್ನ ಮಗನ ಕೈ ಎಂದು ಹೇಳಲು ಅಪ್ಪ ಇಲ್ಲ.